ಶಿಕ್ಷೆಯ ಮಾತು ಬೇಕಾದಷ್ಟಾಯ್ತು, ಸಂತ್ರಸ್ತರಿಗೆ ಆಸರೆ ಎಲ್ಲಿ?

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯದ ಪ್ರಕರಣ ಬಯಲಾದಾಗಲೆಲ್ಲ ಕೇಳಿ ಬರುವ ಕೂಗು ಒಂದೇ: ಆರೋಪಿಯನ್ನು ಗಲ್ಲಿಗೇರಿಸಿ. ಸಂಸತ್ತು ಈ ಕೂಗಿಗೆ ಕಿವಿಗೊಟ್ಟಿದೆ. 2012ರ ಪೋಕ್ಸೊ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು ಮರಣದಂಡನೆಯನ್ನೂ ಸೇರಿಸಿತು. ಆದರೆ ದೂರು ಕೊಟ್ಟ ಮರುದಿನದಿಂದ ಆ ಮಗುವಿನ ಜೊತೆ ನಿಲ್ಲುವವರು ಯಾರು? ಕೋರ್ಟಿನ ಸಮನ್ಸ್ ಓದಿ ಹೇಳುವವರು ಯಾರು? ಬಿಟ್ಟುಹೋದ ಶಾಲೆಗೆ ಮತ್ತೆ ಸೇರಿಸುವವರು ಯಾರು? ಈ ಚರ್ಚೆ ಅಷ್ಟು ಜೋರಾಗಿ ನಡೆಯಲೇ ಇಲ್ಲ.

ಹಾಗಂತ ಕಾನೂನಿನಲ್ಲಿ ಏನೂ ಇಲ್ಲ ಅಂತಲ್ಲ. 2020ರ ಪೋಕ್ಸೊ ನಿಯಮಗಳ ಪ್ರಕಾರ ತನಿಖೆ, ವಿಚಾರಣೆಯುದ್ದಕ್ಕೂ ಮಗುವಿನ ಜೊತೆಗಿರಲು ಒಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸಬಹುದು. ಊಟ, ಬಟ್ಟೆ, ಓಡಾಟದ ಖರ್ಚಿಗೆ ತುರ್ತು ನೆರವು ಕೊಡಿಸಲು ಅವಕಾಶವಿದೆ. ಕೋರ್ಟ್ ಪರಿಹಾರಕ್ಕೆ ಆದೇಶಿಸಿದರೆ 30 ದಿನದೊಳಗೆ ಹಣ ಕೈಸೇರಬೇಕು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರ ಸಂತ್ರಸ್ತೆಗೆ 4ರಿಂದ 7 ಲಕ್ಷ ರೂಪಾಯಿ ಪರಿಹಾರ ನಿಗದಿಯಾಗಿದೆ. ಖಾಸಗಿ ಆಸ್ಪತ್ರೆಗಳೂ ಇಂಥವರಿಗೆ ಉಚಿತ ಚಿಕಿತ್ಸೆ ಕೊಡಲೇಬೇಕು.

ಸಮಸ್ಯೆ ಇರುವುದು ಜಾರಿಯಲ್ಲಿ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 2005ರಲ್ಲಿ. ಅದರಡಿ ಸಂರಕ್ಷಣಾಧಿಕಾರಿಗಳನ್ನು ನೇಮಿಸಿ ಎಂದು ರಾಜ್ಯಗಳಿಗೆ 2025ರಲ್ಲೂ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. ಪೋಕ್ಸೊ ಸಹಾಯಕ ವ್ಯಕ್ತಿಯ ವಿಷಯದಲ್ಲೂ ಕೋರ್ಟ್ 2023ರಲ್ಲಿ ನಿರ್ದೇಶನ ಕೊಟ್ಟಿತು. ಅಂಥವರು ಬೇಕೋ ಬೇಡವೋ ಎಂಬುದನ್ನು ಹೆತ್ತವರ ವಿವೇಚನೆಗೆ ಬಿಡಬಾರದು ಎಂದಿತು. ನೆರವಿನ ಮುಖ್ಯ ಅಂಶಗಳು ಮೂಲ ಕಾಯ್ದೆಯಲ್ಲಿಲ್ಲದೆ ನಿಯಮ, ಯೋಜನೆಗಳಲ್ಲಿ ಹಂಚಿಹೋಗಿವೆ. ತಪ್ಪಿದರೆ ಯಾರು ಹೊಣೆ ಎಂಬುದು ಸ್ಪಷ್ಟವಿಲ್ಲ.

ಆದೇಶಕ್ಕೂ ಕೈಗೆ ಸಿಗುವ ಹಣಕ್ಕೂ ಎಷ್ಟು ದೂರ ಎಂಬುದು ಕಾಸರಗೋಡಿನವರಿಗೆ ಗೊತ್ತು. ಎಂಡೋಸಲ್ಫಾನ್ ಸಂತ್ರಸ್ತರಿಗೆ ಮೂರು ತಿಂಗಳಲ್ಲಿ ತಲಾ 5 ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಆದೇಶಿಸಿತ್ತು. 2022ರಲ್ಲಿ ನೋಡಿದರೆ 3,704 ಮಂದಿಯ ಪೈಕಿ ಹಣ ಸಿಕ್ಕಿದ್ದು ಮತ್ತೆ ಕೋರ್ಟ್ ಮೆಟ್ಟಿಲು ಹತ್ತಿದ 8 ಮಂದಿಗೆ ಮಾತ್ರ! ಹೆಸರು ಹೇಳಲೂ ಹೆದರುವ ಬಾಲಕಿ ಹೀಗೆ ಪದೇ ಪದೇ ಕೋರ್ಟಿಗೆ ಅಲೆಯಲು ಸಾಧ್ಯವೇ?

ಗಡಿಯಲ್ಲಿ ಭಾಷೆಯ ತೊಡಕು ಬೇರೆ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಕಚೇರಿಯ ಕಾಗದದಲ್ಲಿ ಮಲಯಾಳಂ. ಮಗು ಹೇಳಿದ ಹಾಗೆಯೇ ಹೇಳಿಕೆ ದಾಖಲಿಸಬೇಕು, ಅಗತ್ಯವಿದ್ದರೆ ಭಾಷಾಂತರಕಾರರ ನೆರವು ಪಡೆಯಬಹುದು ಎನ್ನುತ್ತದೆ ಪೋಕ್ಸೊ ಕಾಯ್ದೆ. ಮಂಜೇಶ್ವರ, ಉಪ್ಪಳ, ಕುಂಬಳೆಯ ಪೋಷಕರು ಇದನ್ನು ಹಕ್ಕಾಗಿ ಕೇಳಬೇಕು. ಒಂದು ಪದ ತಪ್ಪಾಗಿ ಬರೆದರೂ ನಾಳೆ ಪಾಟೀಸವಾಲಿನಲ್ಲಿ ಅದೇ ಮಗುವಿಗೆ ತಿರುಗುಬಾಣವಾಗುತ್ತದೆ.

ಹೊಣೆ ಸರಕಾರದ್ದು ಮಾತ್ರವಲ್ಲ. ಮರ್ಯಾದೆ ಹೋಗುತ್ತೆ, ಒಳಗೊಳಗೇ ಮುಗಿಸಿಬಿಡಿ ಎನ್ನುವ ಚಾಳಿ ಎಲ್ಲ ಸಮುದಾಯಗಳಲ್ಲೂ ಇದೆ, ನಮ್ಮಲ್ಲೂ ಇದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ರಾಜಿಯ ಹೆಸರಲ್ಲಿ ರದ್ದು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಖಡಾಖಂಡಿತ ಹೇಳಿದೆ. ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ. ಜಮಾಅತ್ ಕಮಿಟಿಗಳು ಪಂಚಾಯಿತಿಗೆ ಕೂರುವ ಬದಲು ಕುಟುಂಬವನ್ನು ಠಾಣೆಗೆ, ಕಾನೂನು ಸೇವಾ ಪ್ರಾಧಿಕಾರಕ್ಕೆ ಕರೆದೊಯ್ಯಲಿ. ಹೋದ ಮರ್ಯಾದೆ ಅಪರಾಧಿಯದ್ದು, ಮಗುವಿನದ್ದಲ್ಲ.

ಇನ್ನು ಸಂಸತ್ತಿನ ಪಾಲು. ಕ್ರಿಮಿನಲ್ ಕಾನೂನು ಸಮವರ್ತಿ ಪಟ್ಟಿಯಲ್ಲಿದೆ, ಆದ್ದರಿಂದ ರಾಜ್ಯಗಳತ್ತ ಬೊಟ್ಟು ಮಾಡಿ ಕೈತೊಳೆದುಕೊಳ್ಳುವಂತಿಲ್ಲ. ಸಹಾಯಕ ವ್ಯಕ್ತಿಯ ನೇಮಕ ಮತ್ತು ಪರಿಹಾರದ ಗಡುವು ಮೂಲ ಕಾಯ್ದೆಗೇ ಸೇರಲಿ. ಗಡುವು ಮೀರಿದರೆ ಹೊಣೆಗಾರ ಅಧಿಕಾರಿ ಯಾರೆಂದು ಬರೆಯಲಿ. ಎಷ್ಟು ಅರ್ಜಿ ಬಂತು, ಎಷ್ಟು ಪಾವತಿಯಾಯ್ತು ಎಂಬ ಜಿಲ್ಲಾವಾರು ಲೆಕ್ಕ ಪ್ರತಿ ವರ್ಷ ಸದನದ ಮುಂದೆ ಬರಲಿ. ಇಷ್ಟನ್ನು ಪ್ರಶ್ನೋತ್ತರ ವೇಳೆಯಲ್ಲಿ ಕೇಳಿ ಎಂದು ಯುವಕ ಸಂಘಟನೆಗಳು ತಮ್ಮ ಸಂಸದರಿಗೆ ಪತ್ರ ಬರೆಯಬಹುದು. ಅದಕ್ಕೆ ಯಾವ ಪಕ್ಷದ ಅಪ್ಪಣೆಯೂ ಬೇಕಿಲ್ಲ.

ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181. ಮದ್ರಸ, ಶಾಲೆ, ಅಂಗಡಿಯ ಗೋಡೆ ಮೇಲೆ ಈ ಎರಡು ನಂಬರ್ ಅಂಟಿಸುವ ಕೆಲಸವಂತೂ ಇವತ್ತೇ ಆಗಲಿ.