ಆ ಇಂಜೆಕ್ಷನ್ ಸಿಕ್ಕಿದ್ದರೆ ಉಳಿಯುತ್ತಿದ್ದರಂತೆ!

"ರೆಮ್‌ಡೆಸಿವಿರ್ ಒಂದು ಸಿಕ್ಕಿದ್ದರೆ ನಮ್ಮ ಭಾವ ಉಳಿಯುತ್ತಿದ್ದರು ಮಾಷ್ಟ್ರೇ..." ನಮ್ಮ ಕಾಸರಗೋಡಿನ ಕಡೆ ಮದುವೆ ಮನೆಗೆ ಹೋಗಿ, ಬೊಜ್ಜದ ಮನೆಗೆ ಹೋಗಿ, ಈ ಮಾತು ಇವತ್ತಿಗೂ ಕಿವಿಗೆ ಬೀಳುತ್ತದೆ. ಸತ್ತವರ ಮನೆಯವರ ಹತ್ತಿರ ನಾನು ವಾದ ಮಾಡುವುದಿಲ್ಲ. ನನ್ನ ಸಿಟ್ಟು ಈ ನಂಬಿಕೆಯನ್ನು ಅವರ ತಲೆಗೆ ತುಂಬಿದವರ ಮೇಲೆ.

2021ರ ಏಪ್ರಿಲ್, ಮೇ ತಿಂಗಳು ನೆನಪು ಮಾಡಿಕೊಳ್ಳಿ. ಆಸ್ಪತ್ರೆಯವರು ಚೀಟಿ ಬರೆದು ಕೈಗೆ ಕೊಟ್ಟರು, ಮನೆಯವರು ಊರೂರು ಅಲೆದರು, ಕಾಳಸಂತೆಯವರು ದುಡ್ಡು ಮಾಡಿದರು. ಆದರೆ ಆಸ್ಪತ್ರೆಗೆ ಸೇರಿದವರಿಗೆ ಇದನ್ನು ಕೊಡುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರಿನಲ್ಲೇ ಹೇಳಿತ್ತು! 2022ರಲ್ಲಿ ಅದರ ದೊಡ್ಡ ಪ್ರಯೋಗದ ಕೊನೆಯ ಲೆಕ್ಕ ಬಂತು. ಆಕ್ಸಿಜನ್ ಹಾಕಿಸಿಕೊಂಡವರಿಗೆ ಅಲ್ಪ ಸ್ವಲ್ಪ ಪ್ರಯೋಜನ, ವೆಂಟಿಲೇಟರಿಗೆ ಹೋದವರಿಗೆ ಏನೂ ಇಲ್ಲ. ವೆಂಟಿಲೇಟರ್ ಹಾಕಿದ ಮೇಲೂ ಸಾಲ ಮಾಡಿ ತಂದವರಿದ್ದಾರಲ್ಲ, ಅವರಿಗೆ ಯಾರು ಉತ್ತರ ಹೇಳಬೇಕು?

ನಿಜವಾಗಿ ಜೀವ ಉಳಿಸಿದ ಮದ್ದು ಡೆಕ್ಸಾಮೆಥಾಸೋನ್. ಹಳೆಯದು, ತೀರಾ ಅಗ್ಗದ್ದು. ಬ್ರಿಟನ್ನಿನ ರಿಕವರಿ ಪ್ರಯೋಗದ ಫಲಿತಾಂಶ 2020ರ ಜೂನ್‌ನಲ್ಲಿ ಹೊರಬಿತ್ತು. ವೆಂಟಿಲೇಟರಿನಲ್ಲಿದ್ದ 100 ಜನರಲ್ಲಿ 28 ದಿನದೊಳಗೆ 41 ಮಂದಿ ತೀರಿಕೊಳ್ಳುತ್ತಿದ್ದಲ್ಲಿ, ಇದನ್ನು ಕೊಟ್ಟಾಗ 29. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ, ಅಷ್ಟೆ. ಆದರೆ ಆಕ್ಸಿಜನ್ ಬೇಕಿಲ್ಲದವರಿಗೆ ಇದರಿಂದ ಲಾಭ ಕಾಣಲಿಲ್ಲ, ಸಾವು ತುಸು ಹೆಚ್ಚೇ ಇತ್ತು. ನಮ್ಮಲ್ಲಿ ಏನು ಮಾಡಿದರು? ಜ್ವರದ ಎರಡನೇ ದಿನವೇ ಸ್ಟೀರಾಯ್ಡ್ ನುಂಗಿಸಿದರು. ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಏರಿ, ಬ್ಲ್ಯಾಕ್ ಫಂಗಸ್ ಬಂದು ಕಣ್ಣೇ ಹೋಯಿತು.

ಉತ್ತರಪತ್ರಿಕೆ ನೋಡದೆ ಮಾರ್ಕು ಹಾಕುವ ಮಾಷ್ಟ್ರನ್ನು ನೀವು ಸುಮ್ಮನೆ ಬಿಡುತ್ತೀರಾ? ರೋಗಿಯ ಸ್ಥಿತಿ ನೋಡದೆ ಮದ್ದು ಬರೆಯುವುದೂ ಅದೇ ಅಲ್ಲವೇ? ನೋಡುವುದಕ್ಕೆ ಬೇಕಾದದ್ದೂ ಹೆಚ್ಚೇನಿಲ್ಲ. ಬೆರಳಿನ ಆಕ್ಸಿಮೀಟರಿನಲ್ಲಿ 90ರಿಂದ 93 ಇದ್ದರೆ ಮಧ್ಯಮ, 90ಕ್ಕಿಂತ ಕೆಳಗಿಳಿದರೆ ತೀವ್ರ. ಉಸಿರು ನಿಮಿಷಕ್ಕೆ 24 ದಾಟಿದರೆ ಎಚ್ಚರ, 30 ದಾಟಿದರೆ ಗಂಭೀರ. ಇದು ನಮ್ಮದೇ ಸರಕಾರ ಅಂದು ಹೊರಡಿಸಿದ ಸೂಚನೆ. ಉಸಿರು ಎಣಿಸುವುದಕ್ಕೆ ಗೋಡೆ ಗಡಿಯಾರ ಸಾಕು. ಈ ಕಾಯಿಲೆಯಲ್ಲಿ ಆಕ್ಸಿಜನ್ 85ಕ್ಕೆ ಇಳಿದಿದ್ದರೂ ಮನುಷ್ಯ ಆರಾಮಾಗಿ ಮಾತಾಡುತ್ತಾ ಕೂತಿರಬಹುದು. ಹಾಗಾಗಿ "ಅಜ್ಜ ಗಂಜಿ ಉಂಡರು, ತೊಂದರೆಯಿಲ್ಲ" ಎನ್ನುವುದನ್ನು ನಂಬಿ ಕೂರುವಂತಿಲ್ಲ.

ಗಡಿಯವರಾದ ನಮಗಂತೂ ಬೇಗ ಗೊತ್ತಾಗಲೇಬೇಕು. 2020ರ ಮಾರ್ಚ್‌ನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಎಷ್ಟೋ ರೋಗಿಗಳು ತಲಪಾಡಿಯಿಂದ ವಾಪಸು ಬಂದರು. ಆಸ್ಪತ್ರೆ ದೂರ ಇದ್ದವರಿಗೆ ಅರ್ಧ ದಿನ ತಡವಾದರೂ ತಡವೇ.

ಇನ್ನು ಯಾರಾದರೂ ದುಬಾರಿ ಇಂಜೆಕ್ಷನ್ನಿನ ಚೀಟಿ ಕೈಗೆ ಕೊಟ್ಟರೆ ಅಂಗಡಿಗೆ ಓಡುವ ಮೊದಲು ಕೇಳಿ. ಆಕ್ಸಿಜನ್ ಎಷ್ಟಿದೆ ಡಾಕ್ಟ್ರೇ? ಉಸಿರು ಎಷ್ಟು? ಈ ಹಂತದಲ್ಲಿ ಇದರಿಂದ ಏನು ಲಾಭ? ಕನ್ನಡದಲ್ಲೇ ಕೇಳಿ. ಉತ್ತರ ಮಲಯಾಳದಲ್ಲಿ ಬಂದರೂ ಅಡ್ಡಿಯಿಲ್ಲ.