ಕೀರ್ತಿಯನ್ನು ಬಿಟ್ಟರೋ, ಕೀರ್ತಿಯೇ ಬಿಟ್ಟಿತೋ?

ಗೆದ್ದವನು ತನ್ನ ದಾರಿಯನ್ನು ಬಿಟ್ಟರೆ ಲೋಕವು ಅದನ್ನು ತ್ಯಾಗವೆಂದು ಕೊಂಡಾಡುತ್ತದೆ. ಸೋತವನು ಬಿಟ್ಟರೆ ಪಲಾಯನವೆಂದು ಹಳಿಯುತ್ತದೆ. ಗಾಯಕವೃತ್ತಿಯಿಂದ ಧರ್ಮಸೇವೆಗೆ ತಿರುಗಿದ ಅಮೆರಿಕದ ರಿಚಿ ಫ್ಯುರೇ ಅವರ ವಿಷಯದಲ್ಲಿ ಈ ಎರಡು ಮಾತುಗಳನ್ನೂ ಆಡಬಹುದು. ಎರಡೂ ಸಲ್ಲವೆಂದು ನನ್ನ ಅಭಿಪ್ರಾಯ.

ಫ್ಯುರೇ 1944ರಲ್ಲಿ ಒಹಾಯೋ ರಾಜ್ಯದಲ್ಲಿ ಜನಿಸಿದರು. 1966ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಸ್ಟೀಫನ್ ಸ್ಟಿಲ್ಸ್, ನೀಲ್ ಯಂಗ್ ಮೊದಲಾದವರೊಡನೆ ‘ಬಫೆಲೋ ಸ್ಪ್ರಿಂಗ್‌ಫೀಲ್ಡ್’ ಎಂಬ ಮೇಳವನ್ನು ಕಟ್ಟಿದರು. ಪ್ರತಿಭಾವಂತರು ಹಲವರು ಒಂದೆಡೆ ಸೇರಿದರೆ ಆಗುವುದೇ ಅಲ್ಲಿಯೂ ಆಯಿತು. 1968ರಲ್ಲಿ ಮೇಳವು ಒಡೆಯಿತು. ಆದರೆ ಅಷ್ಟರಲ್ಲಿ ಫ್ಯುರೇ ಅವರ ಒಲವು ಯಾವ ಕಡೆಗೆಂಬುದು ತಿಳಿದಿತ್ತು. ಪತ್ನಿಯನ್ನು ನೆನೆದು ರಚಿಸಿದ ‘ಕೈಂಡ್ ವುಮನ್’ ಎಂಬ ಹಾಡಿಗೆ ರಸ್ಟಿ ಯಂಗ್ ಎಂಬ ವಾದಕರಿಂದ ಪೆಡಲ್ ಸ್ಟೀಲ್ ಗಿಟಾರನ್ನು ನುಡಿಸಿದ್ದರು. ಈ ವಾದ್ಯವನ್ನು ಮೇಜಿನಂತೆ ಅಡ್ಡಲಾಗಿ ಇರಿಸಿ, ತಂತಿಗಳ ಮೇಲೆ ಉಕ್ಕಿನ ಸಲಾಕೆಯನ್ನು ಜಾರಿಸುತ್ತಾರೆ. ಕಾಲಿನ ಮೆಟ್ಟುಗಳನ್ನು ತುಳಿದಂತೆ ಸ್ವರವು ಏರಿಳಿಯುತ್ತದೆ. ನಮ್ಮ ಕಿವಿಗೆ ಅದು ಗಮಕದಂತೆಯೇ ಕೇಳಿಸುತ್ತದೆ. ಅಮೆರಿಕದ ಹಳ್ಳಿಗಾಡಿನ ಈ ದನಿಯನ್ನು ರಾಕ್ ಸಂಗೀತದ ಅಬ್ಬರದೊಡನೆ ಬೆರೆಸಲೆಂದೇ ಫ್ಯುರೇ, ಜಿಮ್ ಮೆಸ್ಸೀನಾ ಮತ್ತು ಯಂಗ್ ಸೇರಿ ‘ಪೋಕೋ’ ಮೇಳವನ್ನು ಆರಂಭಿಸಿದರು.

ಪೋಕೋ ಬಿತ್ತಿತು, ಫಸಲನ್ನು ಕೊಯ್ದವರು ಬೇರೆ. ಅಲ್ಲಿಂದ ಹೊರಬಿದ್ದ ರ‍್ಯಾಂಡಿ ಮೈಸ್ನರ್ 1971ರಲ್ಲಿ ‘ಈಗಲ್ಸ್’ ಮೇಳದ ಸ್ಥಾಪಕರಲ್ಲಿ ಒಬ್ಬರಾದರು. ಆ ಮೇಳಕ್ಕೆ ದೊರೆತ ಕೀರ್ತಿ ಜಗತ್ತಿಗೇ ಗೊತ್ತಿದೆ. ನಿರಾಶರಾದ ಫ್ಯುರೇ 1973ರಲ್ಲಿ ಪೋಕೋವನ್ನು ಬಿಟ್ಟು, ಜೆ. ಡಿ. ಸೌದರ್ ಮತ್ತು ಕ್ರಿಸ್ ಹಿಲ್‌ಮನ್ ಅವರೊಡನೆ ಕೂಡಿದರು. ಇದನ್ನು ಮರೆಮಾಚಬೇಕಾಗಿಲ್ಲ: ಅವರು ಹೋದದ್ದು ಕೀರ್ತಿಯನ್ನು ಅರಸಿಯೇ. ಹೊಸ ಮೇಳದ ಮೊದಲ ಮುದ್ರಿಕೆ 1974ರಲ್ಲಿ ಬಂದು ಚೆನ್ನಾಗಿ ಮಾರಾಟವಾಯಿತು. ಆದರೆ ಆ ಹೊತ್ತಿಗೇ ಅವರ ದಾಂಪತ್ಯ ಮುರಿಯುವ ಸ್ಥಿತಿಗೆ ಬಂದಿತ್ತು. ಮೇಳದ ಸ್ಟೀಲ್ ಗಿಟಾರ್ ವಾದಕ ಆಲ್ ಪರ್ಕಿನ್ಸ್ ಅವರ ಮೂಲಕ ಫ್ಯುರೇ ಕ್ರೈಸ್ತ ಶ್ರದ್ಧೆಯ ಕಡೆಗೆ ತಿರುಗಿದರು. ದಂಪತಿಗಳು ಮತ್ತೆ ಒಂದಾದರು. 1980ರ ದಶಕದಲ್ಲಿ ಕೊಲರಾಡೋ ರಾಜ್ಯದಲ್ಲಿ ಅವರು ಒಂದು ಚರ್ಚಿನ ಸಭಾಪಾಲಕರಾದರು.

ಆದುದರಿಂದ ಶಿಖರದಲ್ಲಿ ನಿಂತು ಕಿರೀಟವನ್ನು ಕೆಳಗಿಟ್ಟರೆಂದು ಹೇಳುವುದು ಅತಿಶಯೋಕ್ತಿ. ಹಾಗಾದರೆ ಸೋತು ಓಡಿದರೆ? ಇದಕ್ಕೆ ಉತ್ತರ 1989ರಲ್ಲಿದೆ. ಪೋಕೋದ ಮೊದಲ ಸದಸ್ಯರು ಮತ್ತೆ ಕೂಡಿ ‘ಲೆಗಸಿ’ ಎಂಬ ಮುದ್ರಿಕೆಯನ್ನು ಹೊರತಂದರು. ಅದರ ಹಾಡೊಂದು ಜನಪ್ರಿಯವೂ ಆಯಿತು. ಇಪ್ಪತ್ತು ವರ್ಷ ಕಾದಿದ್ದ ಅತಿಥಿಯೇ ಬಾಗಿಲಿಗೆ ಬಂದಂತೆ! ಫ್ಯುರೇ ಹೆಚ್ಚು ದಿನ ಆ ಮೇಳದೊಡನೆ ಇರದೆ ತಮ್ಮ ಸಭೆಗೆ ಹಿಂದಿರುಗಿದರು. ಓಡಿಹೋದವನು ಕರೆ ಬಂದೊಡನೆ ಹಳೆಯ ರಂಗಕ್ಕೆ ಮರಳುತ್ತಾನೆ. ಇವರು ಹಾಗೆ ಮಾಡಲಿಲ್ಲ.

ವಿದ್ಯಾರ್ಥಿ ಮಿತ್ರರೇ, ಹಾಡಿ ಹೆಸರು ಗಳಿಸಲೆಂದು ನಿತ್ಯವೂ ಜನ ಬಂದಿಳಿಯುವ ಮುಂಬಯಿಯಲ್ಲಿ ಬೆಳೆಯುತ್ತಿರುವ ನಾವು ಮನುಷ್ಯನ ಬೆಲೆಯನ್ನು ಪರದೆಯ ಮೇಲಿನ ಹೆಸರಿನಿಂದಲೇ ಅಳೆಯುತ್ತೇವೆ. ಮೂರು ದಶಕಗಳ ಕಾಲ ವಾರವಾರವೂ ಅದೇ ಜನರ ಮುಂದೆ ನಿಂತು ಬೋಧಿಸುವುದು, ಅವರ ಮದುವೆ ಮರಣಗಳಲ್ಲಿ ಜೊತೆಗಿರುವುದು ಯಾವ ಅಳತೆಗೋಲಿಗೂ ಸಿಕ್ಕದ ಕೆಲಸ. ಅವರ ಮತವನ್ನು ಒಪ್ಪದವರೂ ಈ ದುಡಿಮೆಯನ್ನು ಗೌರವಿಸಬಹುದು.

ಹಾಡನ್ನು ಅವರು ತೊರೆಯಲೂ ಇಲ್ಲ. ಭಕ್ತಿಗೀತೆಗಳ ಮುದ್ರಿಕೆಗಳನ್ನು ಹೊರತಂದರು. 2011ರಲ್ಲಿ ಸ್ಟಿಲ್ಸ್ ಮತ್ತು ನೀಲ್ ಯಂಗ್ ಅವರೊಡನೆ ಬಫೆಲೋ ಸ್ಪ್ರಿಂಗ್‌ಫೀಲ್ಡ್ ಹೆಸರಿನಲ್ಲಿ ಕೆಲವೇ ಕಛೇರಿಗಳಲ್ಲಿ ಹಾಡಿದರು. ಆಗಲೂ ಅವರು ಕೊಲರಾಡೋದ ಆ ಸಭೆಯ ಪಾಲಕರಾಗಿಯೇ ಇದ್ದರು.