ಸಾಸ್ಕ್ವಾಚ್ ಮತ್ತು ಸಾಕ್ಷ್ಯದ ಹೊಣೆ

ಒಂದು ಶಾಸ್ತ್ರದಲ್ಲಿ ಪಳಗಿದ ವಿದ್ವಾಂಸರು ಆ ಶಾಸ್ತ್ರವೇ ಒಪ್ಪದ ವಸ್ತುವೊಂದನ್ನು ಅಧ್ಯಯನಕ್ಕೆ ಎತ್ತಿಕೊಂಡಾಗ, ಆ ವಸ್ತು ಇದೆಯೋ ಇಲ್ಲವೋ ಎಂಬುದರ ಸುತ್ತಲೇ ಚರ್ಚೆ ಬೆಳೆಯುತ್ತದೆ. ಆದರೆ ಅದಕ್ಕೂ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ಇರುವಿಕೆಯೇ ಸಿದ್ಧವಾಗದ ವಸ್ತುವನ್ನು ಗಂಭೀರವಾಗಿ ಪರಿಗಣಿಸುವುದೆಂದರೆ ಏನು, ಹಾಗೆ ಪರಿಗಣಿಸುವವರ ಮೇಲೆ ಬೀಳುವ ಹೊಣೆ ಯಾವುದು? ಅಮೆರಿಕದ ಮಾನವಶಾಸ್ತ್ರಜ್ಞ ಗ್ರೋವರ್ ಕ್ರಾಂಟ್ಜ್ (1931–2002) ಅವರ ವಿದ್ವತ್ ಜೀವನವು ಈ ಪ್ರಶ್ನೆಯನ್ನು ಅದರ ಎಲ್ಲ ತೊಡಕುಗಳೊಂದಿಗೆ ಮುಂದಿಡುತ್ತದೆ.

ಕ್ರಾಂಟ್ಜ್ ಅವರು 1968ರಿಂದ ಮೂರು ದಶಕಗಳ ಕಾಲ ವಾಷಿಂಗ್ಟನ್ ರಾಜ್ಯದ ಪುಲ್‌ಮನ್ ಪಟ್ಟಣದಲ್ಲಿರುವ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಭೌತ ಮಾನವಶಾಸ್ತ್ರವನ್ನು, ಅಂದರೆ ಮನುಷ್ಯನ ಶರೀರ ಮತ್ತು ಅದರ ವಿಕಾಸವನ್ನು ಮೂಳೆ, ಹಲ್ಲು, ಪಳೆಯುಳಿಕೆಗಳ ಮೂಲಕ ಅರಿಯುವ ಶಾಸ್ತ್ರವನ್ನು ಕಲಿಸಿದವರು. ಹೋಮೋ ಎರೆಕ್ಟಸ್ ಎಂಬ ಪ್ರಾಚೀನ ಮಾನವ ಪ್ರಭೇದದ ಹುಬ್ಬಿನ ಮೇಲಿದ್ದ ದಪ್ಪ ಮೂಳೆಯ ಏಣಿನಿಂದ ಏನು ಪ್ರಯೋಜನವಿದ್ದೀತು ಎಂದು ತಿಳಿಯಲು ಅವರು ಅದರ ಪ್ರತಿಕೃತಿಯೊಂದನ್ನು ಮಾಡಿಸಿಕೊಂಡು ಆರು ತಿಂಗಳು ತಮ್ಮ ಹಣೆಗೇ ಕಟ್ಟಿಕೊಂಡು ನೋಡಿದ್ದರು. ಪ್ರಶ್ನೆಯೊಂದು ಹೊಳೆದರೆ ಅದನ್ನು ಪ್ರಯೋಗಕ್ಕೊಡ್ಡದೆ ಬಿಡದ ಈ ಗುಣವೇ ಅವರನ್ನು ಸಾಸ್ಕ್ವಾಚ್ ಕಡೆಗೂ ಕರೆದೊಯ್ದಿತು. ಸಾಸ್ಕ್ವಾಚ್ ಎಂದರೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿದೆಯೆಂದು ಹೇಳಲಾಗುವ, ಎರಡು ಕಾಲಿನ ಮೇಲೆ ನಡೆಯುವ, ಮೈತುಂಬ ಕೂದಲಿರುವ ದೈತ್ಯ ವಾನರ. ಅಲ್ಲಿನ ಮೂಲನಿವಾಸಿಗಳ ಕಥನಪರಂಪರೆಯಲ್ಲಿ ಬಹುಕಾಲದಿಂದ ಉಳಿದುಬಂದಿದ್ದ ಈ ಜೀವಿಗೆ 1958ರಲ್ಲಿ ಕ್ಯಾಲಿಫೋರ್ನಿಯದ ಒಂದು ಪತ್ರಿಕೆಯ ಮೂಲಕ ಬಿಗ್‌ಫುಟ್ ಎಂಬ ಹೆಸರೂ ಅಂಟಿಕೊಂಡಿತು.

1969ರ ಕೊನೆಯಲ್ಲಿ ವಾಷಿಂಗ್ಟನ್ ರಾಜ್ಯದ ಬಾಸ್‌ಬರ್ಗ್ ಬಳಿ ಹಿಮದ ಮೇಲೆ ಒಂದು ಸಾವಿರಕ್ಕೂ ಹೆಚ್ಚು ದೊಡ್ಡ ಹೆಜ್ಜೆಗುರುತುಗಳು ಕಂಡುಬಂದವು. ಅವುಗಳಲ್ಲಿ ಬಲಗಾಲಿನ ಗುರುತು ವಿಕಾರಗೊಂಡ ಪಾದದ್ದಾಗಿತ್ತು. ಅವುಗಳ ಪ್ಲಾಸ್ಟರ್ ಅಚ್ಚುಗಳನ್ನು ಪರೀಕ್ಷಿಸಿದ ಕ್ರಾಂಟ್ಜ್ ಅವರು ಪಾದದೊಳಗಿನ ಮೂಳೆಗಳು ಹೇಗೆ ಜೋಡಣೆಗೊಂಡಿರಬಹುದೆಂದು ಊಹಿಸಿ, ಅಂಥ ಪಾದದಲ್ಲಿ ಕಣಕಾಲಿನ ಕೀಲು ಮನುಷ್ಯರಲ್ಲಿರುವುದಕ್ಕಿಂತ ಮುಂದಕ್ಕಿದೆಯೆಂದೂ, ಅತಿ ಭಾರದ ಶರೀರವನ್ನು ಹೊರುವ ಪ್ರಾಣಿಗೆ ಅದು ಹೀಗೆಯೇ ಇರಬೇಕೆಂದೂ ತೀರ್ಮಾನಿಸಿದರು. ಮೋಸಗಾರನೊಬ್ಬ ಇದನ್ನು ಕೆತ್ತಿದ್ದರೆ ಅವನಿಗೆ ಅಂಗರಚನಾಶಾಸ್ತ್ರದ ಅಸಾಧಾರಣ ಜ್ಞಾನವಿದ್ದಿರಬೇಕು, ಅಂಥವನು ಇರುವ ಸಂಭವ ಕಡಿಮೆ, ಆದ್ದರಿಂದ ಹೆಜ್ಜೆಗಳು ನಿಜ ಎಂಬುದು ಅವರ ವಾದದ ತಿರುಳು.

ಈ ವಾದವು ಮೇಲ್ನೋಟಕ್ಕೆ ಬಲವಾಗಿ ಕಂಡರೂ ಅದರಲ್ಲಿ ಸೂಕ್ಷ್ಮವಾದ ಒಂದು ದೋಷವಿದೆ. ಅಚ್ಚಿನಲ್ಲಿ ನೇರವಾಗಿ ಕಾಣುವುದು ಪಾದದ ಹೊರರೇಖೆ ಮತ್ತು ಉಬ್ಬುತಗ್ಗುಗಳು ಮಾತ್ರ. ಒಳಗಿನ ಮೂಳೆಗಳನ್ನು ಅಲ್ಲಿ ಇರಿಸಿದ್ದು ಪರೀಕ್ಷಕರ ಪಾಂಡಿತ್ಯ. ತಾವೇ ತುಂಬಿದ ಜ್ಞಾನವನ್ನು ವಸ್ತುವಿನಲ್ಲಿ ಕಂಡು, ಇಷ್ಟು ಜ್ಞಾನ ಮೋಸಗಾರನಿಗೆಲ್ಲಿಂದ ಬರಬೇಕು ಎಂದು ಕೇಳುವುದರಿಂದ ಮೋಸದ ಸಾಧ್ಯತೆ ಕಡಿಮೆಯಾಗುವುದಿಲ್ಲ. ಮಾನವಶಾಸ್ತ್ರಕ್ಕೆ ಈ ಪಾಠ ಹೊಸದೇನೂ ಆಗಿರಲಿಲ್ಲ. 1912ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಗೊಂಡ ಪಿಲ್ಟ್‌ಡೌನ್ ಮಾನವನ ಅವಶೇಷಗಳು ಮನುಷ್ಯನ ತಲೆಬುರುಡೆಗೆ ವಾನರದ ದವಡೆಯನ್ನು ಜೊತೆಮಾಡಿ, ಹಲ್ಲುಗಳನ್ನು ಅರದಿಂದ ಉಜ್ಜಿ ಮಾಡಿದ ಕೃತಕ ಸೃಷ್ಟಿಯೆಂದು ಬಯಲಾದದ್ದು 1953ರಲ್ಲಿ. ಅಲ್ಲಿಯವರೆಗೆ ನಾಲ್ಕು ದಶಕಗಳ ಕಾಲ ಹೆಸರಾಂತ ವಿದ್ವಾಂಸರು ಅದರಲ್ಲಿ ತಮ್ಮ ಸಿದ್ಧಾಂತಕ್ಕೆ ಬೇಕಾದುದನ್ನೆಲ್ಲ ಕಂಡಿದ್ದರು. ಪಾಂಡಿತ್ಯವು ಮೋಸದಿಂದ ರಕ್ಷಿಸುವಷ್ಟೇ ಸುಲಭವಾಗಿ ಮೋಸಕ್ಕೆ ಅರ್ಥವನ್ನೂ ಒದಗಿಸಬಲ್ಲದು.

ಇದಕ್ಕಿಂತ ಗುರುತರವಾದ ಆಕ್ಷೇಪಣೆ ಇನ್ನೊಂದಿದೆ. 1982ರಲ್ಲಿ ಅಮೆರಿಕದ ವಾಯವ್ಯ ಭಾಗದ ಬ್ಲೂ ಮೌಂಟನ್ಸ್ ಪ್ರದೇಶದಲ್ಲಿ ಸಿಕ್ಕ ಹೆಜ್ಜೆಗಳ ಅಚ್ಚುಗಳಲ್ಲಿ ಚರ್ಮದ ಗೆರೆಗಳು, ಅಂದರೆ ಬೆರಳಚ್ಚಿನಲ್ಲಿ ಮೂಡುವಂಥ ನವಿರಾದ ಏಣುಗಳು, ಕಾಣುತ್ತವೆಯೆಂದು ಕ್ರಾಂಟ್ಜ್ ಅವರು ಪ್ರಚುರಪಡಿಸಿದರು. ಮಣ್ಣಿನಲ್ಲಿ ಎರೆದ ಪ್ಲಾಸ್ಟರಿನ ತೇವವನ್ನು ಒಣಮಣ್ಣು ಹೀರಿಕೊಳ್ಳುವಾಗಲೂ ಇಂಥ ಗೆರೆಗಳು ತಾವಾಗಿಯೇ ಮೂಡಬಹುದೆಂಬುದನ್ನು ಮುಂದೆ ಇತರರು ಮಾಡಿದ ಪ್ರಯೋಗಗಳು ತೋರಿಸಿದವು. ಇಲ್ಲಿಯವರೆಗಿನದು ಶಾಸ್ತ್ರದ ಸಹಜ ನಡೆಯೇ: ಒಬ್ಬರು ಹೇಳುತ್ತಾರೆ, ಮತ್ತೊಬ್ಬರು ಪರೀಕ್ಷಿಸುತ್ತಾರೆ. ಆದರೆ ಅಸಲಿ ಹೆಜ್ಜೆಯನ್ನು ನಕಲಿಯಿಂದ ಬೇರ್ಪಡಿಸಲು ತಮಗೆ ಗೊತ್ತಿರುವ ಕೆಲವು ಲಕ್ಷಣಗಳನ್ನು ಮೋಸಗಾರರಿಗೆ ತಿಳಿಯಬಾರದೆಂಬ ಕಾರಣಕ್ಕೆ ಅವರು ಗುಟ್ಟಾಗಿಟ್ಟರು. ಮುನ್ನೆಚ್ಚರಿಕೆಯ ದೃಷ್ಟಿಯಿಂದ ಇದು ಅರ್ಥವಾಗುವ ನಡೆಯಾದರೂ ಶಾಸ್ತ್ರದ ದೃಷ್ಟಿಯಿಂದ ಇದೇ ಅವರ ದೊಡ್ಡ ತಪ್ಪು. ಯಾವ ಕಸೋಟಿಯನ್ನು ಬೇರೆಯವರು ಕೈಯಲ್ಲಿ ಹಿಡಿದು ನೋಡಲಾರರೋ ಅದರ ತೀರ್ಪು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಸಾಕ್ಷ್ಯವಲ್ಲ. ಅದು ಒಬ್ಬ ವ್ಯಕ್ತಿಯ ಮೇಲಿಡಬೇಕಾದ ವಿಶ್ವಾಸ.

ಸಾಸ್ಕ್ವಾಚ್‌ಗೆ ಪ್ರಾಣಿಶಾಸ್ತ್ರೀಯ ಹೆಸರೊಂದನ್ನು ಕೊಡುವ ಅವರ ಪ್ರಯತ್ನವನ್ನೂ ಇದೇ ಬೆಳಕಿನಲ್ಲಿ ನೋಡಬೇಕು. ಅದಕ್ಕಾಗಿ ಅವರು ಆರಿಸಿಕೊಂಡ ಜೈಗ್ಯಾಂಟೊಪಿಥೆಕಸ್ ಎಂಬುದು ದಕ್ಷಿಣ ಚೀನದ ಕಾಡುಗಳಲ್ಲಿದ್ದು ಅಳಿದುಹೋದ ಬೃಹತ್ ವಾನರ. 1935ರಲ್ಲಿ ಫಾನ್ ಕೋನಿಗ್ಸ್‌ವಾಲ್ಡ್ ಎಂಬ ವಿಜ್ಞಾನಿ ಹಾಂಗ್‌ಕಾಂಗಿನ ಔಷಧಿ ಅಂಗಡಿಯಲ್ಲಿ ದೊರೆತ ಹಲ್ಲಿನ ಆಧಾರದ ಮೇಲೆ ಅದನ್ನು ಗುರುತಿಸಿದರು. ಇಂದಿಗೂ ಅದರ ಕೆಳದವಡೆಗಳು ಮತ್ತು ಹಲ್ಲುಗಳಲ್ಲದೆ ಬೇರೆ ಮೂಳೆ ದೊರೆತಿಲ್ಲ. ಆ ದವಡೆ ಹಿಂದಕ್ಕೆ ಹೋದಂತೆ ಅಗಲವಾಗುವುದನ್ನು ಗಮನಿಸಿದ ಕ್ರಾಂಟ್ಜ್ ಅವರು, ನೆಟ್ಟಗಿನ ಕತ್ತಿಗೆ ಎಡೆಮಾಡಿಕೊಡಲೆಂದೇ ಅದು ಹಾಗಿರುವುದೆಂದೂ, ಆದ್ದರಿಂದ ಆ ಪ್ರಾಣಿ ಎರಡು ಕಾಲಿನಲ್ಲಿ ನಡೆಯುತ್ತಿತ್ತೆಂದೂ ವಾದಿಸಿ, ಏಷ್ಯ ಮತ್ತು ಅಮೆರಿಕಗಳ ನಡುವೆ ಒಂದು ಕಾಲದಲ್ಲಿದ್ದ ನೆಲದ ಸೇತುವೆಯನ್ನು ದಾಟಿ ಬಂದ ಅದರ ವಂಶವೇ ಸಾಸ್ಕ್ವಾಚ್ ಎಂದು 1980ರ ದಶಕದಲ್ಲಿ ಪ್ರತಿಪಾದಿಸಿದರು. ಪ್ರಾಣಿಗೆ ಶಾಸ್ತ್ರೀಯ ಹೆಸರಿಡುವಾಗ ಆ ಹೆಸರಿಗೆ ಶಾಶ್ವತ ಆಧಾರವಾಗಿ ಒಂದು ನಮೂನೆಯನ್ನು ಗೊತ್ತುಪಡಿಸುವುದು ಪದ್ಧತಿ. ಸಾಸ್ಕ್ವಾಚ್ ವಿಷಯದಲ್ಲಿ ತೋರಿಸಲು ಇದ್ದುದು ಹೆಜ್ಜೆಯ ಅಚ್ಚುಗಳು ಮಾತ್ರ. ಅಮೆರಿಕ ಖಂಡಗಳಲ್ಲಿ ಮನುಷ್ಯೇತರ ದೊಡ್ಡ ವಾನರದ ಒಂದು ಪಳೆಯುಳಿಕೆಯೂ ಸಿಕ್ಕಿಲ್ಲವೆಂಬುದು ಒಂದು ಅಡ್ಡಿ. ಜೈಗ್ಯಾಂಟೊಪಿಥೆಕಸ್‌ನ ಹಲ್ಲಿನ ಎನಾಮೆಲ್‌ನಿಂದ ಪಡೆದ ಪ್ರೋಟೀನುಗಳನ್ನು ವಿಶ್ಲೇಷಿಸಿದ 2019ರ ಅಧ್ಯಯನವು ಅದು ಒರಾಂಗುಟಾನ್‌ನ ದೂರದ ಬಂಧುವೆಂದು ತೋರಿಸಿದ್ದು ಇನ್ನೊಂದು ಅಡ್ಡಿ, ಏಕೆಂದರೆ ಆ ವಂಶದಲ್ಲಿ ನೆಲದ ಮೇಲೆ ಮನುಷ್ಯನಂತೆ ನಡೆದ ಪ್ರಾಣಿ ಯಾವುದೂ ಗೊತ್ತಿಲ್ಲ.

ಇಷ್ಟಾದರೂ ಕ್ರಾಂಟ್ಜ್ ಅವರನ್ನು ಭ್ರಮೆಗೊಳಗಾದ ಪಂಡಿತರೆಂದು ಬದಿಗಿಡುವುದು ನ್ಯಾಯವಲ್ಲ. ತಮ್ಮ ಅಚ್ಚುಗಳು ಸಾಲವೆಂಬುದು ಅವರಿಗೆ ಗೊತ್ತಿತ್ತು. ಒಂದು ಸಾಸ್ಕ್ವಾಚ್ ಅನ್ನು ಗುಂಡಿಟ್ಟು ಕೊಂದಾದರೂ ಶರೀರವನ್ನು ತರಬೇಕು, ಅದಿಲ್ಲದೆ ಶಾಸ್ತ್ರಜ್ಞರು ಒಪ್ಪುವುದಿಲ್ಲ, ಒಪ್ಪಲೂ ಬಾರದು ಎಂಬ ನಿಲುವನ್ನು ಅವರು ಬಹಿರಂಗವಾಗಿ ತಳೆದರು. ಆ ಪ್ರಾಣಿಯ ಮೇಲೆ ಒಲವಿದ್ದವರು ಇದನ್ನು ಕ್ರೌರ್ಯವೆಂದು ಖಂಡಿಸಿದರು. ವಿರಳವಾದ ಜೀವಿಯೊಂದನ್ನು ಅದರ ಇರುವಿಕೆಯ ಪುರಾವೆಗಾಗಿಯೇ ಕೊಲ್ಲುವುದು ನೈತಿಕವಾಗಿ ಒಪ್ಪತಕ್ಕದ್ದಲ್ಲ ಎಂಬುದು ನಿಜವಾದರೂ, ಯಾವ ಸಾಕ್ಷ್ಯ ಬಂದರೆ ವಿವಾದ ಮುಗಿಯುತ್ತದೆಂದು ಅವರು ಸ್ಪಷ್ಟವಾಗಿ ಹೇಳಿದ್ದು ಮಾತ್ರ ಶಾಸ್ತ್ರಜ್ಞರ ಮಾತೇ. ಅವರು ಹೇಳದೆ ಬಿಟ್ಟದ್ದು ಅದರ ಮತ್ತೊಂದು ಮುಖವನ್ನು: ಎಷ್ಟು ಕಾಲ ಹುಡುಕಿಯೂ ಶರೀರ ಸಿಗದಿದ್ದರೆ ಪ್ರಾಣಿ ಇಲ್ಲವೆಂದು ಒಪ್ಪಬೇಕು? ಕಾಡಿನಲ್ಲಿ ತಾನಾಗಿ ಸತ್ತ ಕರಡಿಯ ಮೂಳೆಗಳೂ ಕಣ್ಣಿಗೆ ಬೀಳುವುದು ಅಪರೂಪ ಎಂದು ಅವರು ಉತ್ತರಿಸುತ್ತಿದ್ದರು. ಆದರೆ ಕರಡಿಗಳು ಬೇಟೆಗಾರರ ಗುಂಡಿಗೂ ರಸ್ತೆಯ ವಾಹನಗಳಿಗೂ ಸಿಕ್ಕಿ ಸಾಯುತ್ತವೆ. ಸಂತತಿ ಉಳಿಯುವಷ್ಟು ಸಂಖ್ಯೆಯಲ್ಲಿರುವ ದೈತ್ಯ ವಾನರವೊಂದು ಅಷ್ಟು ದಶಕಗಳಲ್ಲಿ ಒಮ್ಮೆಯೂ ಹಾಗೆ ಸಿಗಲಿಲ್ಲ.

ವಿದ್ವತ್ ವಲಯದ ನಡೆಯೂ ಪ್ರಶ್ನಾತೀತವಲ್ಲ. ಈ ಆಸಕ್ತಿಯಿಂದಾಗಿ ಕ್ರಾಂಟ್ಜ್ ಅವರಿಗೆ ಸಂಶೋಧನಾ ಅನುದಾನಗಳೂ ಬಡ್ತಿಗಳೂ ಕೈತಪ್ಪಿದವು. ಅವರ ತೀರ್ಮಾನಗಳನ್ನು ತಿರಸ್ಕರಿಸಲು ಸಕಾರಣಗಳಿದ್ದವು, ಅವರ ವಿಷಯವನ್ನೇ ಅಸ್ಪೃಶ್ಯವೆಂದು ನೋಡಲು ಇರಲಿಲ್ಲ. ತಜ್ಞರು ದೂರ ನಿಂತಷ್ಟೂ ಇಂಥ ವಿಷಯಗಳು ಪರೀಕ್ಷೆಯ ಶಿಸ್ತೇ ಇಲ್ಲದವರ ಪಾಲಾಗುತ್ತವೆ, ಹತ್ತಿರ ಹೋದ ಒಬ್ಬಿಬ್ಬರು ತಪ್ಪನ್ನು ತಿದ್ದುವ ಸಹಚರರಿಲ್ಲದೆ ಒಂಟಿಯಾಗುತ್ತಾರೆ. ಬಹುಶಃ ಕ್ರಾಂಟ್ಜ್ ಅವರ ಗುಟ್ಟಿನ ಕಸೋಟಿಗಳು ಬೆಳೆದದ್ದು ಇಂಥ ಒಂಟಿತನದಲ್ಲಿಯೇ.

ಬೇರೆ ಬಗೆಯ ನಡೆ ಸಾಧ್ಯವೆಂಬುದನ್ನು ಆಕ್ಸ್‌ಫರ್ಡ್‌ನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಅವರು 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಸಾಸ್ಕ್ವಾಚ್, ಹಿಮಾಲಯದ ಯೇತಿ ಮುಂತಾದವುಗಳದ್ದೆಂದು ಜನರು ಕಳುಹಿಸಿದ ಕೂದಲುಗಳ ಡಿಎನ್‌ಎಯನ್ನು ಅವರ ತಂಡ ವಿಶ್ಲೇಷಿಸಿದಾಗ ಅಮೆರಿಕದ ಮಾದರಿಗಳು ಕರಡಿ, ಕುದುರೆ, ದನ, ಮನುಷ್ಯ ಮೊದಲಾದ ಪರಿಚಿತ ಪ್ರಾಣಿಗಳವಾಗಿದ್ದವು. ಹಿಮಾಲಯದ ಎರಡು ಮಾದರಿಗಳು ಪ್ರಾಚೀನ ಹಿಮಕರಡಿಯೊಂದಕ್ಕೆ ಹೊಂದುತ್ತವೆಯೆಂದು ಅವರು ಹೇಳಿದ್ದು ತಪ್ಪಾಗಿತ್ತು. ಅವು ಹಿಮಾಲಯದ ಕಂದು ಕರಡಿಯವೆಂದು ಬೇರೆ ಸಂಶೋಧಕರು ಅವೇ ದತ್ತಾಂಶಗಳನ್ನು ಮರಳಿ ಪರಿಶೀಲಿಸಿ ತೋರಿಸಿದರು. ಹೀಗೆ ತಿದ್ದುವುದು ಸಾಧ್ಯವಾದದ್ದು ದತ್ತಾಂಶಗಳು ಎಲ್ಲರಿಗೂ ತೆರೆದಿದ್ದರಿಂದ. ಕ್ರಾಂಟ್ಜ್ ಅವರು ಪ್ರಶ್ನೆಯನ್ನು ಎತ್ತಿಕೊಂಡದ್ದು ತಪ್ಪಲ್ಲ. ಉತ್ತರವನ್ನು ಸುಳ್ಳಾಗಿಸುವ ಸಾಧನಗಳನ್ನು ಇತರರ ಕೈಗೆ ಕೊಡದೆ ಹೋದದ್ದು ತಪ್ಪು. ಅವರೇ ಅಗತ್ಯವೆಂದು ಸಾರಿದ ಶರೀರವು ಇಂದಿಗೂ ದೊರೆತಿಲ್ಲವಾದ್ದರಿಂದ, ಅವರದೇ ಅಳತೆಗೋಲಿನ ಪ್ರಕಾರವೂ ಸಾಸ್ಕ್ವಾಚ್ ಪ್ರಾಣಿಶಾಸ್ತ್ರದ ಹೊರಗೇ ಉಳಿದಿದೆ.